ಫ್ರಾಂಟಿಯರ್ ಕಾಲದ ಕಮ್ಮಾರನ ಉಡುಪು: ಏಪ್ರನ್ ಕೊಳ್ಳುವುದು ಕೊನೆಗೆ

ಅಮೆರಿಕದ ಹಳೆಯ ಕೋಟೆಗಳಲ್ಲಿ, ಊರ ಮ್ಯೂಸಿಯಂಗಳಲ್ಲಿ ಕುಲುಮೆ ಹೊತ್ತಿಸಿ, ಆ ಕಾಲದ ಬಟ್ಟೆ ತೊಟ್ಟು ಕಬ್ಬಿಣ ಬಡಿದು ತೋರಿಸುವ ಕಾರ್ಯಕ್ರಮಗಳು ನಡೆಯುತ್ತವೆ. ಅಲ್ಲಿಗೆ ಸ್ವಯಂಸೇವಕರಾಗಿ ಸೇರುವವರೂ ನಾಟಕಕ್ಕೆ ಅಂಥ ಪಾತ್ರ ಕಟ್ಟುವವರೂ ಕೇಳುವ ಮೊದಲ ಪ್ರಶ್ನೆ ಒಂದೇ: “ತೊಗಲಿನ ಏಪ್ರನ್ ಎಲ್ಲಿ ಸಿಗುತ್ತದೆ?” ಏಪ್ರನ್ ಒಂದು ಬಂದರೆ ವೇಷ ಮುಗಿಯಿತು ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಏಪ್ರನ್ ಮುಚ್ಚುವುದು ಮೈಯ ಮುಂಭಾಗವನ್ನು ಮಾತ್ರ. ತೋಳು, ಕುತ್ತಿಗೆ, ಬೆನ್ನು, ಪಾದ ಎಲ್ಲ ಹೊರಗೇ ಇರುತ್ತವೆ. ಕಿಡಿ ಬೀಳುವುದೂ ಅಲ್ಲೇ, ನೋಡುಗರ ಕಣ್ಣು ಬೀಳುವುದೂ ಅಲ್ಲೇ. ಆದ್ದರಿಂದ ಒಳಗಿನಿಂದ ಹೊರಕ್ಕೆ ಬನ್ನಿ. ಅಂಗಿ, ಷರಾಯಿ, ಬೂಟು ಸರಿಯಾದ ಮೇಲೆ ಏಪ್ರನ್ ಸುಲಭ.

ಫ್ರಾಂಟಿಯರ್ ಎಂದರೆ ವಲಸೆಗಾರರ ವಸತಿ ಪಶ್ಚಿಮಕ್ಕೆ ಚಾಚಿಕೊಳ್ಳುತ್ತಿದ್ದ ಅಂಚಿನ ನೆಲ. 1890ರ ಜನಗಣತಿ ಅಂಥ ಅಂಚು ಇನ್ನು ಉಳಿದಿಲ್ಲ ಎಂದು ಹೇಳಿತು. ಇಲ್ಲಿ ಉದಾಹರಣೆಗೆ ಹಿಡಿದಿರುವುದು 1850ರ ಸುಮಾರಿನ ಕಮ್ಮಾರನನ್ನು. ಮಿಸೌರಿಯಿಂದ ಒರೆಗಾನ್‌ವರೆಗೆ ಸುಮಾರು 3,200 ಕಿ.ಮೀ. ಉದ್ದದ ಹಾದಿಯಲ್ಲಿ ಗಾಡಿಗಳು ಹೋಗುತ್ತಿದ್ದ ಕಾಲ ಅದು. ಒಣಹವೆಗೆ ಮರದ ಗಾಲಿ ಕುಗ್ಗಿ ಕಬ್ಬಿಣದ ಪಟ್ಟಿ ಸಡಿಲವಾದರೆ ಮತ್ತೆ ಕೂರಿಸಿ ಕೊಡುವವನು, ಎತ್ತಿನ ಸೀಳುಗೊರಸಿಗೆ ಎರಡೆರಡು ತುಂಡಿನ ಲಾಳ ಕಟ್ಟುವವನು ಅವನೇ. ಎತ್ತಿನ ಲಾಳವಂತೂ ನಮ್ಮ ಊರುಗಳಿಗೆ ಹೊಸದಲ್ಲ.

1. ಇಸವಿ, ಜಾಗ ಗೊತ್ತುಮಾಡಿಕೊಳ್ಳಿ

“ಹಳೆಯ ಕಾಲ” ಎಂದಷ್ಟೇ ಹೇಳಿದರೆ ಬಟ್ಟೆ ಹೊಲಿಯಲಾಗುವುದಿಲ್ಲ. ಒಂದು ಇಸವಿ, ಒಂದು ಊರು, ಒಬ್ಬ ಯಜಮಾನ, ಈ ಮೂರನ್ನು ಕಾಗದದ ಮೇಲೆ ಬರೆಯಿರಿ. ಸೈನ್ಯದ ಕೋಟೆಯ ಕಮ್ಮಾರ, ತುಪ್ಪುಳು ವ್ಯಾಪಾರದ ಕಂಪನಿಯ ಕಮ್ಮಾರ, ಒಪ್ಪಂದದ ಪ್ರಕಾರ ಮೂಲನಿವಾಸಿ ಜನರಿಗಾಗಿ ಸರ್ಕಾರ ನೇಮಿಸಿದ ಕಮ್ಮಾರ, ಹಳ್ಳಿಯಲ್ಲಿ ಸ್ವಂತ ಕುಲುಮೆ ಇಟ್ಟವನು: ಇವರ ಬಟ್ಟೆ ಬರುತ್ತಿದ್ದ ಅಂಗಡಿಗಳೇ ಬೇರೆ ಬೇರೆ.

“ನಮ್ಮ ಮುಖಕ್ಕೆ ಈ ವೇಷ ಒಪ್ಪುತ್ತದೆಯೇ?” ಎಂದು ಹಿಂಜರಿಯುವವರಿಗೆ ಒಂದು ಮಾತು. 1840ರ ದಶಕದ ಫೋರ್ಟ್ ವ್ಯಾಂಕೂವರ್‌ನಲ್ಲಿ (ಇದು ಇಂದಿನ ವಾಷಿಂಗ್ಟನ್ ರಾಜ್ಯದಲ್ಲಿದೆ, ಕೆನಡಾದ ವ್ಯಾಂಕೂವರ್ ಬೇರೆ) ತುಪ್ಪುಳು ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯ ಕೈಕೆಳಗೆ ಸ್ಕಾಟರು, ಫ್ರೆಂಚ್ ಕೆನಡಿಯನ್ನರು, ಹವಾಯಿಯವರು, ಇರಾಕ್ವಾ ಮತ್ತು ಇತರ ಮೂಲನಿವಾಸಿಗಳು ಕೂಡಿ ದುಡಿಯುತ್ತಿದ್ದರು. ಅಲ್ಲಿನ ಕೆಲಸದ ಬಟ್ಟೆ ಒಂದು ಮುಖದ್ದಾಗಿರಲಿಲ್ಲ.

ಇಸವಿ ನಿಶ್ಚಯವಾದ ಮೇಲೆ ಈ ಗೆರೆಗಳನ್ನು ನೆನಪಿಡಿ. ಹೊಳೆಯುವ ಬಿಳಿ ಪಿಂಗಾಣಿ ಗುಂಡಿಗೆ ಪೇಟೆಂಟ್ ಬಂದದ್ದು 1840ರಲ್ಲಿ. ಹೋವ್‌ನ ಹೊಲಿಗೆ ಯಂತ್ರದ ಪೇಟೆಂಟ್ 1846, ಸಿಂಗರ್‌ನದು 1851. ಮೊದಲ ರಾಸಾಯನಿಕ ಬಣ್ಣ, ಪರ್ಕಿನ್‌ನ ನೇರಳೆ, ಸಿಕ್ಕಿದ್ದು 1856ರಲ್ಲಿ. ತಾಮ್ರದ ರಿವೆಟ್ ಹಾಕಿದ ಷರಾಯಿಗೆ ಜೇಕಬ್ ಡೇವಿಸ್ ಮತ್ತು ಲೀವೈ ಸ್ಟ್ರಾಸ್ ಪೇಟೆಂಟ್ ಪಡೆದದ್ದು 1873ರ ಮೇ 20. ಕ್ರೋಮ್ ಉಪ್ಪಿನಿಂದ ತೊಗಲು ಹದ ಮಾಡುವ ಶುಲ್ಟ್ಸ್‌ನ ವಿಧಾನ 1884ರದು. ಲೀವೈಯ ಆ ರಿವೆಟ್ ಷರಾಯಿಗೆ ಬೆಲ್ಟ್ ತೂರಿಸುವ ಪಟ್ಟಿ ಬಂದದ್ದು 1922ರಲ್ಲಿ. ನಿಮ್ಮ ಇಸವಿಯ ನಂತರ ಬಂದದ್ದು ನಿಮ್ಮ ಮೈಮೇಲೆ ಇರಬಾರದು.

2. ಹಳೆಯ ಫೋಟೋ ನೋಡುವ ಬಗೆ

ಆ ಕಾಲದ ಕೆಲಸಗಾರರು ತಮ್ಮ ಹತ್ಯಾರು ಹಿಡಿದು ತೆಗೆಸಿಕೊಂಡ ಡಾಗೆರೊಟೈಪ್‌ಗಳು, ಅಂದರೆ ಬೆಳ್ಳಿ ಲೇಪಿಸಿದ ತಗಡಿನ ಮೇಲಿನ ಫೋಟೋಗಳು, ಲೈಬ್ರರಿ ಆಫ್ ಕಾಂಗ್ರೆಸ್ ಸಂಗ್ರಹದಲ್ಲಿವೆ. ಇದಕ್ಕಿಂತ ಒಳ್ಳೆಯ ಆಧಾರ ಇಲ್ಲ. ಆದರೆ ನೋಡುವಾಗ ಹಲವರು ಜಾರಿ ಬೀಳುವ ಎರಡು ಹಳ್ಳಗಳಿವೆ.

ಒಂದು, ಈ ಚಿತ್ರ ಸಾಮಾನ್ಯವಾಗಿ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು. ಬಲಗೈಯಲ್ಲಿ ಸುತ್ತಿಗೆ ಹಿಡಿದವನು ಎಡಚನಂತೆ ಕಾಣುತ್ತಾನೆ, ವೇಸ್ಟ್‌ಕೋಟಿನ (ಅಂಗಿಯ ಮೇಲೆ ತೊಡುವ ತೋಳಿಲ್ಲದ ಕೋಟು) ಗುಂಡಿಸಾಲು ಹೆಂಗಸರ ರವಿಕೆಯ ಕಡೆಗೆ ತಿರುಗಿದಂತೆ ಕಾಣುತ್ತದೆ. ಅದನ್ನೇ ನಂಬಿ ಹೊಲಿಸಿದರೆ ಇಡೀ ಬಟ್ಟೆ ತಿರುಗುಮುರುಗು. ಮೊದಲು ಚಿತ್ರವನ್ನು ಕಂಪ್ಯೂಟರಿನಲ್ಲಿ ಅಡ್ಡಕ್ಕೆ ಮಗುಚಿ ನೋಡಿ.

ಎರಡು, ಆ ತಗಡಿಗೆ ನೀಲಿ ಬೇಗ ಹತ್ತುತ್ತಿತ್ತು, ಕೆಂಪು ಹತ್ತುತ್ತಿರಲಿಲ್ಲ. ನೀಲಿ ಅಂಗಿ ಬಿಳಿಚಿಕೊಂಡು ಬರುತ್ತದೆ, ಕೆಂಪು ಕತ್ತುವಸ್ತ್ರ ಕಪ್ಪಾಗಿ ಬರುತ್ತದೆ. ಚಿತ್ರದಿಂದ ಕತ್ತರಿಕೆ, ಸಡಿಲ, ಉದ್ದ ಕಲಿಯಿರಿ. ಬಣ್ಣ ಕಲಿಯಬೇಡಿ. ಬಣ್ಣಕ್ಕೆ ಇಂಡಿಗೊ ನೀಲಿ, ಅಕ್ರೋಟದ ಜಾತಿಯ ಮರಗಳ ಕಂದು, ಮಂಜಿಷ್ಠದ ಬಳಗದ ಬೇರಿನ ಕೆಂಪು, ಬಣ್ಣ ಹಾಕದ ಬಿಳಿ ಮತ್ತು ಬೂದು ಇಟ್ಟುಕೊಂಡರೆ 1850ಕ್ಕೆ ತಪ್ಪಾಗುವುದಿಲ್ಲ.

3. ಬಟ್ಟೆಗೆ ಬೆಂಕಿ ಪರೀಕ್ಷೆ

ಈ ಹಂತವನ್ನು ಬಿಟ್ಟರೆ ಮುಂದಿನದ್ದನ್ನು ಓದಿ ಪ್ರಯೋಜನವಿಲ್ಲ. ಕುಲುಮೆಯ ಹತ್ತಿರ ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್ ಬರಲೇಬಾರದು. ಹತ್ತಿ ಹೊತ್ತಿದರೆ ಸುಡುತ್ತದೆ, ಕೊಡವಬಹುದು, ನಂದಿಸಬಹುದು. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಕೀಳಹೋದರೆ ಚರ್ಮವೂ ಬರುತ್ತದೆ. ಅಂಗಡಿಯವರು “ಪ್ಯೂರ್ ಕಾಟನ್” ಎಂದದ್ದನ್ನು ನಂಬಿ ಸುಮ್ಮನಾಗಬೇಡಿ.

ಹಾಸು (ಉದ್ದದ ಎಳೆ) ಮತ್ತು ಹೊಕ್ಕು (ಅಡ್ಡ ಎಳೆ) ಎರಡರಿಂದಲೂ ನಾಲ್ಕೈದು ದಾರ ಎಳೆಯಿರಿ. ಒಂದರಲ್ಲಿ ಹತ್ತಿ, ಇನ್ನೊಂದರಲ್ಲಿ ಪಾಲಿಯೆಸ್ಟರ್ ಇರುವ ಬಟ್ಟೆ ಬೇಕಾದಷ್ಟಿದೆ. ಸ್ಟೀಲ್ ತಟ್ಟೆಯ ಮೇಲೆ ಚಿಮ್ಮಟದಲ್ಲಿ ಹಿಡಿದು ಬೆಂಕಿಕಡ್ಡಿ ತೋರಿಸಿ. ಹತ್ತಿ, ಲಿನನ್ ಥಟ್ಟನೆ ಹೊತ್ತಿ ಸುಟ್ಟ ಕಾಗದದ ವಾಸನೆ ಬರುತ್ತದೆ, ಉಳಿದ ಬೂದಿ ಉಫ್ ಎಂದರೆ ಹಾರುತ್ತದೆ. ಉಣ್ಣೆ ಸುರುಟಿಕೊಂಡು ಸುಟ್ಟ ಕೂದಲಿನ ವಾಸನೆ ಕೊಡುತ್ತದೆ, ಕಡ್ಡಿ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿ ಉಂಡೆ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಮೊದಲು ಹಿಂದಕ್ಕೆ ಸರಿದಂತೆ ಕುಗ್ಗಿ, ಕರಗಿ, ಕಪ್ಪು ಹೊಗೆ ಬಿಟ್ಟು, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಮಣಿಯನ್ನು ಪೂರ್ತಿ ತಣ್ಣಗಾಗುವ ಮೊದಲು ಮುಟ್ಟಬೇಡಿ. ಬೂದಿಯ ನಡುವೆ ಸಾಸಿವೆಯಷ್ಟು ಗಟ್ಟಿ ಮಣಿ ಸಿಕ್ಕರೂ ಆ ಥಾನು ಬೇಡ.

ಇಷ್ಟೆಲ್ಲ ನೋಡಿಯೂ ಹೊಲಿಯುವ ದಾರವನ್ನು ಮರೆಯುವವರೇ ಹೆಚ್ಚು. ಟೈಲರ್ ಬಳಿ ಇರುವುದು ಸಾಮಾನ್ಯವಾಗಿ ಪಾಲಿಯೆಸ್ಟರ್ ದಾರ. ಹತ್ತಿದಾರದ ಉಂಡೆ ನೀವೇ ಕೊಂಡು ಕೊಡಿ. ಕಾಲರ್ ಒಳಗೆ ಇಸ್ತ್ರಿಯಿಂದ ಅಂಟಿಸುವ ಕ್ಯಾನ್ವಾಸ್ ಹಾಕಬೇಡಿ ಎಂದೂ ಹೇಳಿ, ಅದರಲ್ಲಿ ಅಂಟೂ ಇದೆ, ಕೃತಕ ನೂಲೂ ಇರಬಹುದು. ಮೇಲ್ಮೈಯಲ್ಲಿ ಜುಂಗು ಎಬ್ಬಿಸಿದ ಮೆತ್ತನೆಯ ಹತ್ತಿ ಫ್ಲಾನೆಲ್ ಕೂಡ ಬೇಡ. ಶುದ್ಧ ಹತ್ತಿಯೇ ಆದರೂ ಆ ಜುಂಗಿನ ಮೇಲೆ ಬೆಂಕಿ ಕ್ಷಣದಲ್ಲಿ ಹರಿದಾಡುತ್ತದೆ.

ಖಾದಿ ಆಗುತ್ತದೆಯೇ? ಬೆಂಕಿಯ ಲೆಕ್ಕದಲ್ಲಿ ಆಗುತ್ತದೆ. ಕಾಲದ ಲೆಕ್ಕದಲ್ಲಿ ಸ್ವಲ್ಪ ಆರಿಸಬೇಕು. ಹಳೆಯದೆಂದರೆ ಒರಟು ಎಂದುಕೊಂಡು ಗಂಟುಗಂಟಾದ ಖಾದಿ ತರುವವರಿದ್ದಾರೆ. 1850ರ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ಲೋವೆಲ್‌ನಂಥ ಊರುಗಳ ಗಿರಣಿಗಳು ಒಂದೇ ಸಮನಾದ ಹತ್ತಿಬಟ್ಟೆಯನ್ನು ರಾಶಿರಾಶಿ ನೇಯುತ್ತಿದ್ದವು. ಸಮನಾದ ನೂಲಿನ, ಬಿಗಿ ನೇಯ್ಗೆಯ, ಚದರ ಮೀಟರಿಗೆ 150ರಿಂದ 180 ಗ್ರಾಂ ತೂಗುವ ಬಟ್ಟೆ ತೆಗೆದುಕೊಳ್ಳಿ. ನೀಲಿ-ಬಿಳಿ ಸಣ್ಣ ಚೌಕಳಿಯ ಕೈಮಗ್ಗದ ಹತ್ತಿ ಈ ಅಂಗಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ.

4. ಅಂಗಿ

ಇಂದಿನ ಷರ್ಟಿನಂತೆ ಮೇಲಿಂದ ಕೆಳಗೆ ಗುಂಡಿ ಇರುವ ಅಂಗಿ ಆಗ ರೂಢಿಯಲ್ಲಿರಲಿಲ್ಲ. ತಲೆಯ ಮೇಲಿಂದ ತೊಡಬೇಕು. ನಮ್ಮ ಹಳೆಯ ಕಾಲದ ಜುಬ್ಬ ಹೊಲಿದ ಟೈಲರ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ, ಯಾಕೆಂದರೆ ಲೆಕ್ಕ ಅದೇ: ಎಲ್ಲವೂ ಚೌಕ ಮತ್ತು ಆಯತ, ವಕ್ರ ಕತ್ತರಿಯೇ ಇಲ್ಲ, ಬಟ್ಟೆ ಹಾಳಾಗುವುದೇ ಇಲ್ಲ.

ಸಾಧಾರಣ ಮೈಕಟ್ಟಿನವರಿಗೆ 115 ಸೆಂ.ಮೀ. ಪನ್ನದ ಬಟ್ಟೆ 3 ಮೀಟರ್ ತನ್ನಿ. ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ಎರಡು ಸಲ ಒಗೆದು ಕುಗ್ಗಿಸಿ. ಆಮೇಲೆ ಹೀಗೆ:

ಮೈ: 80 ಸೆಂ.ಮೀ. ಅಗಲ, 190 ಉದ್ದದ ಒಂದೇ ತುಂಡು. ನಡುವೆ ಮಡಿಸಿದರೆ ಮಡಿಕೆಯೇ ಹೆಗಲು.
ತೋಳು: 50 ಅಗಲ, 56 ಉದ್ದ, ಎರಡು.
ಕಂಕುಳ ಚೌಕ: 13 × 13, ಎರಡು.
ಕುತ್ತಿಗೆಯ ಪಕ್ಕದ ಚೌಕ: 9 × 9, ಎರಡು.
ಕಾಲರ್: 45 × 16, ಮಡಿಸಿದಾಗ 8. ಮುಂಗೈ ಪಟ್ಟಿ: 23 × 10, ಎರಡು.

ಎದೆಯ ಸೀಳು 28 ಸೆಂ.ಮೀ. ಸಾಕು. ಕುತ್ತಿಗೆಗೆ ದುಂಡಗೆ ಕತ್ತರಿಸಬೇಡಿ. ಹೆಗಲ ಮಡಿಕೆಯ ಮೇಲೆ ಅಡ್ಡ ಸೀಳು ಕೊಟ್ಟು, ಅದರ ಎರಡು ತುದಿಗೆ ಸಣ್ಣ ಚೌಕಗಳನ್ನು ಮೂಲೆಯಿಂದ ಮೂಲೆಗೆ ಮಡಿಸಿ ಕೂರಿಸಿ, ಉಳಿದ ಬಟ್ಟೆಯನ್ನು ನೆರಿಗೆ ಹಿಡಿದು ಕಾಲರ್‌ಗೆ ಸೇರಿಸುವುದು.

ಕಂಕುಳ ಚೌಕವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದರ ಒಂದು ಮೂಲೆ ತೋಳಿನ ಹೊಲಿಗೆಯ ಕಡೆ, ಎದುರು ಮೂಲೆ ಪಕ್ಕೆಯ ಹೊಲಿಗೆಯ ಕಡೆ ಹೋಗುತ್ತದೆ. ಕೈ ಮೇಲೆತ್ತಿದಾಗ ಬಟ್ಟೆಯ ಓರೆ ಹಿಗ್ಗುತ್ತದೆ, ಅಂಗಿಯ ಕೆಳಭಾಗ ಷರಾಯಿಯಿಂದ ಕಿತ್ತು ಬರುವುದಿಲ್ಲ. ಸುತ್ತಿಗೆ ಬೀಸುವವನಿಗೆ ಇದೇ ಜೀವಾಳ. “ಇದು ಕಷ್ಟ, ದುಂಡು ಕಂಕುಳು ಮಾಡಿಬಿಡ್ತೀನಿ” ಎಂದು ಟೈಲರ್ ಹೇಳಿದರೆ ಒಪ್ಪಬೇಡಿ. ಒಂದೇ ದಿನದಲ್ಲಿ ಅಲ್ಲೇ ಹರಿಯುತ್ತದೆ.

ಮೈಗೆ ತೋಳು ಸೇರಿಸಿದ ಹೊಲಿಗೆ ಹೆಗಲಿನಿಂದ ಕೆಳಕ್ಕೆ, ತೋಳಿನ ಮೇಲೆ ಇಳಿಬಿದ್ದಿರಬೇಕು. ಅಂಗಿಯ ಉದ್ದ ತೊಡೆಯ ನಡುವಿನವರೆಗೆ. ಗುಂಡಿ ಮೂಳೆಯದು, ಕಪ್ಪೆಚಿಪ್ಪಿನದು ಅಥವಾ ಪಿಂಗಾಣಿಯದು. ಎದೆಯ ಮೇಲೆ ಜೇಬು ಬೇಡ. ಒಳಹೊಲಿಗೆ ಯಂತ್ರದಲ್ಲಿ ಆಗಲಿ, ಆದರೆ ಕಾಲರ್ ಅಂಚು, ಮುಂಗೈ ಪಟ್ಟಿ, ಕಾಜ ಇವು ಕೈಹೊಲಿಗೆಯಲ್ಲಿರಲಿ. ಎರಡು ಮಾರು ದೂರದಲ್ಲಿ ನಿಂತವರಿಗೆ ಕಾಣುವುದು ಇವೇ.

ತೋಳು ಮಡಿಸುವವರು ಹೊರಕ್ಕೆ ಮಡಿಸಬೇಡಿ, ಒಳಕ್ಕೆ ಸುತ್ತಿ ಮೊಣಕೈ ಮೇಲೆ ಬಿಗಿಯಾಗಿ ನಿಲ್ಲಿಸಿ. ಕಾದ ಕಬ್ಬಿಣದಿಂದ ಏಟಿಗೆ ಸಿಡಿಯುವ ಕರಿ ಪೊರೆಯ ಚಕ್ಕೆಗಳು ಹೊರಮಡಿಕೆಯಲ್ಲಿ ಚೀಲದಲ್ಲಿ ಬಿದ್ದಂತೆ ಬೀಳುತ್ತವೆ. ಹೊಸಬರು ಮೊದಲ ಕೆಲವು ವಾರ ತೋಳು ಇಳಿಬಿಟ್ಟು ಗುಂಡಿ ಹಾಕಿಯೇ ಕೆಲಸ ಮಾಡುವುದು ಒಳ್ಳೆಯದು.

5. ಷರಾಯಿ ಮತ್ತು ಸಸ್ಪೆಂಡರ್

ಹೆಸರೇ ಮೋಸ ಮಾಡುವ ಜಾಗ ಇದು. ಆ ಕಾಲದ ದಾಖಲೆಗಳಲ್ಲಿ “ಜೀನ್” ಎಂದು ಕಂಡರೆ ಅದು ಬಟ್ಟೆಯ ಹೆಸರು: ಹಾಸು ಹತ್ತಿ, ಹೊಕ್ಕು ಉಣ್ಣೆ, ಓರೆ ನೇಯ್ಗೆ. ಇಂದಿನ ಜೀನ್ಸ್ ಪ್ಯಾಂಟು ಅಲ್ಲ. ಉಣ್ಣೆ ಸೇರಿದ್ದರಿಂದ ಅದು ಕಿಡಿಗೂ ಒಳ್ಳೆಯದು. ಅದು ಸಿಗದಿದ್ದರೆ ತೆಳು ಉಣ್ಣೆ, ಅಥವಾ ಬಿಗಿ ನೇಯ್ಗೆಯ ಹತ್ತಿ ಡ್ರಿಲ್. 150 ಸೆಂ.ಮೀ. ಪನ್ನದಲ್ಲಿ ಎರಡೂವರೆ ಮೀಟರ್ ಬೇಕು.

ಸೊಂಟದ ಅಳತೆಯನ್ನು ಹೊಕ್ಕುಳ ಮಟ್ಟದಲ್ಲಿ ತೆಗೆಯಿರಿ. ಇಂದಿನ ಪ್ಯಾಂಟಿನ ಅಳತೆ ಕೊಟ್ಟರೆ ಕೆಡುತ್ತದೆ. ಹಿಂಭಾಗ ಮುಂಭಾಗಕ್ಕಿಂತ ಎತ್ತರ, ಸೊಂಟದ ಪಟ್ಟಿಯ ಹಿಂದೆ ಸೀಳು ಬಿಟ್ಟು ದಾರದಿಂದ ಬಿಗಿಯುವ ವ್ಯವಸ್ಥೆ, ಕುಂಡೆ ಮತ್ತು ತೊಡೆ ಧಾರಾಳ ಸಡಿಲ. ಮುಂದೆ ಗುಂಡಿಯ ಸೀಳು, ಅಥವಾ ಹಳೆಯ ಬಗೆಯ ಕೆಳಕ್ಕೆ ತೆರೆಯುವ ಅಗಲ ಮುಚ್ಚಳ. ಜಿಪ್ ಇಲ್ಲ, ಬೆಲ್ಟಿನ ಪಟ್ಟಿ ಇಲ್ಲ, ಹಿಂಬದಿಗೆ ಅಂಟಿಸಿದ ಜೇಬು ಇಲ್ಲ.

ಕಾಲಿನ ತುದಿ ಮೇಲಕ್ಕೆ ಮಡಚಬೇಡಿ. ಬೂಟಿನೊಳಕ್ಕೆ ತುರುಕಬೇಡಿ. ಎರಡೂ ಚಕ್ಕೆ ಬೀಳುವ ಬಾಯಿಗಳೇ. ಷರಾಯಿ ಬೂಟಿನ ಮೇಲೆ ಇಳಿಬಿದ್ದಿರಬೇಕು, ನೆಲ ಮುಟ್ಟಬಾರದು. ಹಳೆಯದಾಗಿ ಕಾಣಲೆಂದು ಅಂಚನ್ನು ಉಜ್ಜಿ ನೂಲು ಬಿಡಿಸುವವರಿದ್ದಾರೆ, ಅದು ದೀಪಕ್ಕೆ ಬತ್ತಿ ಹೊಸೆದಂತೆ.

ಸಸ್ಪೆಂಡರ್ ಎಂದರೆ ಹೆಗಲ ಮೇಲಿನಿಂದ ಷರಾಯಿ ಹಿಡಿಯುವ ಪಟ್ಟಿ. ಹತ್ತಿ ಅಥವಾ ಲಿನನ್ ಪಟ್ಟಿ, ತುದಿಯಲ್ಲಿ ತೊಗಲು, ಅದರಲ್ಲಿ ಕಾಜ. ಗುಂಡಿಗಳು ಸೊಂಟಪಟ್ಟಿಯ ಹೊರಗೆ: ಮುಂದೆ ನಾಲ್ಕು, ಹಿಂದೆ ಎರಡು. ಲೋಹದ ಕ್ಲಿಪ್ಪಿನದು ಎಷ್ಟೇ ಸುಲಭವಾದರೂ ಬೇಡ.

6. ವೇಸ್ಟ್‌ಕೋಟ್, ಕತ್ತುವಸ್ತ್ರ, ಟೋಪಿ

ವೇಸ್ಟ್‌ಕೋಟ್ ಉಣ್ಣೆಯದಾಗಿರಲಿ, ಬೆನ್ನು ಸಾದಾ ಹತ್ತಿ. ಅದರ ಕೆಳ ಅಂಚು ಷರಾಯಿಯ ಪಟ್ಟಿಯನ್ನು ಮುಚ್ಚಬೇಕು. ಸೆಕೆಯಲ್ಲಿ ತೆಗೆದಿಟ್ಟು ಬರಿ ಅಂಗಿಯಲ್ಲಿ ದುಡಿದರೆ ತಪ್ಪಿಲ್ಲ.

ಕತ್ತುವಸ್ತ್ರ 75ರಿಂದ 90 ಸೆಂ.ಮೀ. ಚೌಕ, ಹತ್ತಿ ಅಥವಾ ರೇಷ್ಮೆ. ಕಾಲರ್ ಒಳಕ್ಕೆ ಕಿಡಿ ಇಳಿಯದಂತೆ ಕಾಯುವುದು ಇದೇ. ತುದಿ ಜೋತಾಡದಂತೆ ಒಳಕ್ಕೆ ಸಿಕ್ಕಿಸಿ, ಒಂದೆಳೆತಕ್ಕೆ ಬಿಚ್ಚುವ ಗಂಟು ಹಾಕಿ. “ಬಂಡಾನ” ಎಂಬ ಮಾತು ಹಿಂದಿಯ “ಬಾಂಧನಾ” ಬಳಗದ್ದು. ಗಂಟು ಕಟ್ಟಿ ಬಣ್ಣ ಹಾಕಿದ ಭಾರತದ ರೇಷ್ಮೆ ವಸ್ತ್ರಗಳು ಹಡಗೇರಿ ಹೋಗಿ ಆ ಹೆಸರು ಅಲ್ಲಿ ನಿಂತಿತು. ಹಾಗಾಗಿ ಕೆಂಪು ನೆಲದ ಮೇಲೆ ಬಿಳಿ ಚುಕ್ಕೆಯ ವಸ್ತ್ರ ನಿಮ್ಮ ಕತ್ತಿನಲ್ಲಿದ್ದರೆ ನ್ಯಾಯವಾಗಿಯೇ ಇದೆ.

ಟೋಪಿ ಉಣ್ಣೆ ಫೆಲ್ಟ್, ತಗ್ಗು ತಲೆ, 7–8 ಸೆಂ.ಮೀ. ಅಂಚು. ಅಂಚು ಸುರುಳಿ ಸುತ್ತಿದ, ನೆತ್ತಿ ಚಿವುಟಿದ ಕೌಬಾಯ್ ಟೋಪಿ ಇಲ್ಲಿಗೆ ಸಲ್ಲದು. ಸ್ಟೆಟ್ಸನ್ನನ ಹೆಸರಾಂತ ಟೋಪಿಯೇ 1865ರದು, ಅದೂ ಮೊದಲಿಗೆ ಚಪ್ಪಟೆ ಅಂಚಿನದು. ಹುಲ್ಲಿನ ಟೋಪಿ ಅಂಗಳದಲ್ಲಿ ಸರಿ, ಕುಲುಮೆಯ ಬಳಿ ಬೇಡ.

7. ಬೂಟು

ಬೇಕಾದ್ದು ಬ್ರೋಗನ್: ಹರಡಿನವರೆಗೆ ಬರುವ, ದಪ್ಪ ತೊಗಲಿನ, ಲೇಸಿನ ಕೆಲಸದ ಬೂಟು. ಅಟ್ಟೆ ತೊಗಲಿನದು, ಮರದ ಸಣ್ಣ ಗೂಟಗಳಿಂದ ಅಥವಾ ಹೊಲಿಗೆಯಿಂದ ಕೂರಿಸಿದ್ದು. ರಬ್ಬರ್ ಅಟ್ಟೆ ಬಿದ್ದ ಬಿಸಿ ತುಂಡಿನ ಮೇಲೆ ಕಾಲಿಟ್ಟರೆ ಕರಗಿ ಹಿಡಿದುಕೊಳ್ಳುತ್ತದೆ. ಅಟ್ಟೆಗೆ ಕಬ್ಬಿಣದ ಮೊಳೆ ಬಡಿಸುವುದು ಕಾಲಕ್ಕೆ ಸರಿ, ಆದರೆ ಪ್ರದರ್ಶನದ ಜಾಗ ಕಾಂಕ್ರೀಟ್ ಆಗಿದ್ದರೆ ಮಂಜಿನ ಮೇಲೆ ನಡೆದಂತೆ ಜಾರುತ್ತೀರಿ. ಮೊದಲು ನೆಲ ನೋಡಿ, ಆಮೇಲೆ ಮೊಳೆ. ಕಾಲುಚೀಲ ಉಣ್ಣೆಯದು.

8. ಈಗ ಏಪ್ರನ್

ಸಸ್ಯದ ತೊಗಟೆಯಿಂದ ಹದ ಮಾಡಿದ ದನದ ತೊಗಲು, 2ರಿಂದ 2.5 ಮಿ.ಮೀ. ದಪ್ಪ. ಇದಕ್ಕಿಂತ ತೆಳುವಾದರೆ ಕಾವು ತಡೆಯದು, ದಪ್ಪವಾದರೆ ಬಗ್ಗಲಾಗದು. ವೆಲ್ಡಿಂಗ್ ಅಂಗಡಿಯ ಬೂದುನೀಲಿ ಅಥವಾ ಹಳದಿ ಒರಟು ಏಪ್ರನ್ ಸಾಮಾನ್ಯವಾಗಿ ಕ್ರೋಮ್ ಹದದ್ದು. ಕತ್ತರಿಸಿದ ಅಂಚು ನೋಡಿ: ಒಳಗೆ ನೀಲಿಛಾಯೆ ಇದ್ದರೆ ಕ್ರೋಮ್, ಕಂದು ಇದ್ದರೆ ತೊಗಟೆ ಹದ.

ಅಳತೆ: ಎದೆಯ ಭಾಗ 30 ಅಗಲ, ಸೊಂಟದಲ್ಲಿ 75–80, ಒಟ್ಟು ಉದ್ದ 95–100 ಸೆಂ.ಮೀ., ಅಂದರೆ ಮೊಣಕಾಲಿನ ಕೆಳಗೆ ಒಂದು ಅಂಗೈ. ಪಾದದವರೆಗೆ ಬಿಟ್ಟರೆ ಎಡವುತ್ತೀರಿ. ಒಂದೇ ತುಂಡಿನಲ್ಲಿ ಬರಲಿ, ನಡುವೆ ಹೊಲಿಗೆ ಬೇಡ. ಜೇಬಂತೂ ಖಂಡಿತ ಬೇಡ: ಬಾಯಿ ತೆರೆದ ಜೇಬು ಕೆಂಡ ಹಿಡಿಯುವ ಬೋಗುಣಿ. ಕಟ್ಟುವ ತೂತುಗಳಿಗೆ ಹಿಂದಿನಿಂದ ಇನ್ನೊಂದು ತೊಗಲ ತುಂಡು ಹೊಲಿದರೆ ಸಾಕು, ಹೊಳೆಯುವ ಲೋಹದ ಬಳೆ ಬೇಕಿಲ್ಲ. ಸೊಂಟದ ದಾರ ಹಿಂದಿನಿಂದ ಸುತ್ತಿ ಮುಂದೆ ತಂದು, ಎಳೆದರೆ ಬಿಚ್ಚುವ ಗಂಟು ಹಾಕಿ. ಬೆಂಕಿ ಹೊಕ್ಕಾಗ ಬೆನ್ನ ಹಿಂದೆ ಕೈಹಾಕಿ ಗಂಟು ಹುಡುಕುವ ಹೊತ್ತು ಇರುವುದಿಲ್ಲ.

ಹಳೆಯದಾಗಿ ಕಾಣಲು ಬಣ್ಣ ಬಳಿಯುವುದು, ಗ್ಯಾಸ್ ಜ್ವಾಲೆಯಲ್ಲಿ ತೂತು ಸುಡುವುದು ಮಾಡಬೇಡಿ. ಒಂದು ತಿಂಗಳು ನಿಜಕ್ಕೂ ಕೆಲಸ ಮಾಡಿ. ಹೊಟ್ಟೆಯ ಎಡಬಲಕ್ಕೆ, ಇಕ್ಕಳ ಉಜ್ಜುವ ತೊಡೆಯ ಮೇಲೆ ಮಸಿ ತಾನೇ ಕೂರುತ್ತದೆ. ಆ ಗುರುತು ಯಾವ ಬಣ್ಣದಿಂದಲೂ ಬರದು.

9. ಕಣ್ಣು, ಕೈ, ಬೆಂಕಿಯ ಮುಂದೆ ಒಂದು ಪರೀಕ್ಷೆ

ಆ ಕಾಲದವರು ಕಣ್ಣು ಕಾಯದೆ ದುಡಿದರು ಎಂದು ನೀವು ಹಾಗೆ ಮಾಡಬೇಕಿಲ್ಲ. ಉಕ್ಕಿನ ತಂತಿ ಚೌಕಟ್ಟಿನ, ಅಂಡಾಕಾರದ ಸಣ್ಣ ಗಾಜಿನ ಕನ್ನಡಕ ಮಾಡಿಸಿ ಅದರಲ್ಲಿ ಪಾಲಿಕಾರ್ಬೊನೇಟ್ ಮಸೂರ ಕೂರಿಸಿ. ಪಕ್ಕದ ರಕ್ಷಣೆ ಕಡ್ಡಾಯ ಎಂದು ಮ್ಯೂಸಿಯಂ ಹೇಳಿದರೆ ಇಂದಿನ ಸುರಕ್ಷಾ ಕನ್ನಡಕವನ್ನೇ ಹಾಕಿ. ಈ ಒಂದು ವಿಷಯದಲ್ಲಿ ಕಾಲ ಸೋಲಲಿ, ಕಣ್ಣು ಉಳಿಯಲಿ. ಉಂಗುರ, ಕೈಗಡಿಯಾರ, ಕಡಗ ತೆಗೆದಿಡಿ.

ಕೈಗವಸು ಸುತ್ತಿಗೆಯ ಕೈಗೆ ಬೇಡ, ಹಿಡಿ ಜಾರುತ್ತದೆ. ಬೇಕೇ ಬೇಕೆಂದರೆ ಇಕ್ಕಳ ಹಿಡಿಯುವ ಕೈಗೆ ಸಡಿಲ ತೊಗಲಿನದು ಒಂದು, ಕೊಡವಿದರೆ ಬಿದ್ದುಹೋಗುವಂಥದ್ದು. ಒದ್ದೆ ಗವಸಿನಲ್ಲಿ ಬಿಸಿ ಹಿಡಿದರೆ ಒಳಗಿನ ನೀರು ಹಬೆಯಾಗಿ ಕೈ ಬೇಯಿಸುತ್ತದೆ.

ಪ್ರದರ್ಶನಕ್ಕೆ ಮುಂಚೆ ಪೂರ್ತಿ ಉಡುಪಿನಲ್ಲಿ ಒಂದು ಗಂಟೆ ಕೆಲಸ ಮಾಡಿ. ತಿದಿ ಎಳೆಯಿರಿ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಮುಂದೆ ಬಗ್ಗಿ, ನೆಲದಿಂದ ಇದ್ದಿಲು ಎತ್ತಿ. ಅಂಗಿ ಹೊರಬಂದರೆ ಉದ್ದ ಸಾಲದು, ಏಪ್ರನ್ ಮೊಣಕಾಲಿಗೆ ಅಡ್ಡ ಬಂದರೆ ಒಂದು ಅಂಗುಲ ಕತ್ತರಿಸಿ. ಏಪ್ರನ್ ಗಂಟು ಮತ್ತು ಕತ್ತುವಸ್ತ್ರವನ್ನು ಕಣ್ಣು ಮುಚ್ಚಿ ಒಂದೇ ಕೈಯಲ್ಲಿ ಬಿಚ್ಚಿ ನೋಡಿ. ಪಕ್ಕದಲ್ಲಿ ನೀರಿನ ಬಕೆಟ್ಟು, ಉಣ್ಣೆ ಕಂಬಳಿ ಇರಲಿ. ಬಟ್ಟೆ ಹೊತ್ತಿದರೆ ಓಡಬೇಡಿ, ನೆಲಕ್ಕೆ ಬಿದ್ದು ಹೊರಳಿ.

ಕೆಲಸ ಮುಗಿದ ಮೇಲೆ ಏಪ್ರನ್ನನ್ನು ಒಣಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ನೇತುಹಾಕಿ, ಮಡಿಸಿಡಬೇಡಿ. ವರ್ಷಕ್ಕೆ ಒಂದೆರಡು ಸಲ ತೊಗಲಿಗೆ ಹಾಕುವ ಎಣ್ಣೆ ತೆಳ್ಳಗೆ ಸವರಿದರೆ ಸಾಕು, ಜಿಡ್ಡು ಹೆಚ್ಚಾದರೆ ತೊಗಲೂ ಉರಿಯುತ್ತದೆ. ಅಗಸೆಎಣ್ಣೆಯನ್ನು ಇದಕ್ಕೆ ಬಳಸಬೇಡಿ. ಹತ್ಯಾರಿನ ಹಿಡಿಗೆ ಅಗಸೆಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆಮಾಡಿ ಬಟ್ಟೆಯ ಪೆಟ್ಟಿಗೆಯಲ್ಲಿ ಬಿಟ್ಟರೆ ಅದು ಒಣಗುತ್ತಾ ತಾನೇ ಕಾವು ಏರಿ ಹೊತ್ತಿಕೊಳ್ಳಬಲ್ಲದು. ಆ ಚಿಂದಿಯನ್ನು ಬಯಲಿನಲ್ಲಿ ಬಿಡಿಸಿ ಹರವಿ, ಪೂರ್ತಿ ಗಟ್ಟಿಯಾದ ಮೇಲೆ ಎಸೆಯಿರಿ. ಇಲ್ಲವೆ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಿ.